ಪಂಚಾಂಗದಲ್ಲಿ ಭೂಮಿ ನಡುವೆ ಇದೆ, ಆದರೂ ಗ್ರಹಣ ಸರಿಯಾಗಿ ಬರುತ್ತದಲ್ಲ, ಹೇಗೆ?

ತೋಟದಮನೆ, ತೀರ್ಥಹಳ್ಳಿ

ನಮ್ಮ ಮನೆಯಲ್ಲಿ ಒಂದು ವಾದ ಮುಗಿಯುತ್ತಲೇ ಇಲ್ಲ. ಶುರುವಾಗಿದ್ದು 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣದ ದಿನ. ಪಂಚಾಂಗದಲ್ಲಿ ಸ್ಪರ್ಶಕಾಲ ರಾತ್ರಿ 9 ಗಂಟೆ 57 ನಿಮಿಷ ಅಂತ ಇತ್ತು. ಟಿವಿಯಲ್ಲೂ ಅದನ್ನೇ ಹೇಳಿದರು. ದೊಡ್ಡಪ್ಪ ಕೇಳುವುದು ಇಷ್ಟು: ಪಂಚಾಂಗದ ಲೆಕ್ಕದಲ್ಲಿ ಭೂಮಿ ನಡುವೆ ನಿಂತಿದೆ, ಸೂರ್ಯ ಸುತ್ತುತ್ತಾನೆ. ಅದು ತಪ್ಪಾಗಿದ್ದರೆ ಗ್ರಹಣ ನಿಮಿಷಕ್ಕೆ ಸರಿಯಾಗಿ ಹೇಗೆ ಬರುತ್ತದೆ? ಇಂಜಿನಿಯರಿಂಗ್ ಓದುವ ಅಣ್ಣನ ಮಗ ಹೇಳುವುದೇ ಬೇರೆ. ಪಂಚಾಂಗದವರು ಸುಮ್ನೆ ಕಂಪ್ಯೂಟರ್ ನೋಡಿ ಬರೆಯುತ್ತಾರೆ, ಹಳೆಯದೆಲ್ಲ ಬುರುಡೆ ಅನ್ನುತ್ತಾನೆ. ಇಬ್ಬರ ಮಾತೂ ನನಗೆ ಪೂರ್ತಿ ಒಪ್ಪಿಗೆಯಾಗುತ್ತಿಲ್ಲ. ಗೊತ್ತಿರುವವರು ಬಿಡಿಸಿ ಹೇಳಿ. ನಾನು ಓದಿದ್ದು ಪಿಯುಸಿ ಕಾಮರ್ಸ್. ಸೂತ್ರ ಬರೆದರೆ ತೋಟಕ್ಕೆ ಓಡಿಹೋಗುತ್ತೇನೆ.

ದುರ್ಗಿಗುಡಿ, ಶಿವಮೊಗ್ಗ

ಇದರಲ್ಲಿ ಚರ್ಚೆ ಮಾಡುವುದು ಏನಿದೆ ಮಾರಾಯ್ರೆ? 1543ರಲ್ಲೇ ಕೊಪರ್ನಿಕಸ್ ಸೂರ್ಯ ನಡುವೆ ಅಂತ ಬರೆದಾಯ್ತು. ನಿಮ್ಮ ಅಣ್ಣನ ಮಗ ಹೇಳಿದ್ದೇ ಸರಿ.

ಹಿನ್ನೀರಿನ ಮೇಷ್ಟ್ರು, ಸಾಗರ

ದುರ್ಗಿಗುಡಿಯವರೇ, ಅಷ್ಟು ಬೇಗ ಮುಗಿಸಬೇಡಿ. ಪ್ರಶ್ನೆ ಚೆನ್ನಾಗಿದೆ. 1543ರಲ್ಲಿ ಕೊಪರ್ನಿಕಸ್ ಬರೆದದ್ದು ನಿಜ. ಆದರೆ ಅವನ ಕೈಯಲ್ಲಿ ಪುರಾವೆ ಅನ್ನುವಂಥದ್ದು ಏನೂ ಇರಲಿಲ್ಲ. ಅವನ ಲೆಕ್ಕ ಟಾಲೆಮಿಯ ಲೆಕ್ಕಕ್ಕಿಂತ ಹೇಳಿಕೊಳ್ಳುವಷ್ಟು ನಿಖರವೂ ಆಗಿರಲಿಲ್ಲ. ಟಾಲೆಮಿ ಇದ್ದದ್ದು ಕ್ರಿ.ಶ. 2ನೇ ಶತಮಾನದಲ್ಲಿ, ಅಲೆಕ್ಸಾಂಡ್ರಿಯಾದಲ್ಲಿ. ಅವನ ಭೂಕೇಂದ್ರದ ಲೆಕ್ಕ ಸುಮಾರು 1400 ವರ್ಷ ನಡೆಯಿತು. ಕೆಲಸ ಕೊಡದ ಲೆಕ್ಕವಾಗಿದ್ದರೆ ಅಷ್ಟು ವರ್ಷ ಯಾರು ಇಟ್ಟುಕೊಳ್ಳುತ್ತಿದ್ದರು?

ಈಗ ತೋಟದಮನೆಯವರ ಪ್ರಶ್ನೆಗೆ ಬರುತ್ತೇನೆ. ಗ್ರಹಣದಲ್ಲಿ ಪಾತ್ರ ಇರುವುದು ಮೂವರದ್ದು, ಸೂರ್ಯ, ಚಂದ್ರ, ಭೂಮಿ. ಇಲ್ಲಿಂದ ನೋಡಿದಾಗ ಸೂರ್ಯ ಯಾವ ದಿಕ್ಕಿನಲ್ಲಿದ್ದಾನೆ, ಚಂದ್ರ ಯಾವ ದಿಕ್ಕಿನಲ್ಲಿದ್ದಾನೆ, ಇಷ್ಟು ಗೊತ್ತಾದರೆ ಗ್ರಹಣ ಯಾವಾಗ ಅಂತ ಹೇಳಬಹುದು. ಚಂದ್ರ ಭೂಮಿಯನ್ನು ಸುತ್ತುತ್ತಾನೆ ಅನ್ನುವುದು ಎರಡೂ ಕಡೆಯವರಿಗೂ ಒಪ್ಪಿಗೆ. ಜಗಳ ಇರುವುದು ಸೂರ್ಯ ಮತ್ತು ಭೂಮಿಯ ನಡುವೆ ಮಾತ್ರ. ಅಲ್ಲಿ ನೀವು ಭೂಮಿಯನ್ನು ನಿಲ್ಲಿಸಿ ಸೂರ್ಯನನ್ನು ವರ್ಷಕ್ಕೊಂದು ಸುತ್ತು ಓಡಿಸಿದರೂ, ಸೂರ್ಯನನ್ನು ನಿಲ್ಲಿಸಿ ಭೂಮಿಯನ್ನು ಓಡಿಸಿದರೂ ಇಲ್ಲಿಂದ ಕಾಣುವ ದಿಕ್ಕು ಒಂದೇ. ಕೋನದಲ್ಲಿ ಕೂದಲಷ್ಟೂ ವ್ಯತ್ಯಾಸ ಬರುವುದಿಲ್ಲ.

ಅಂದರೆ ಗ್ರಹಣ ಸರಿಯಾಗಿ ಬಂತು ಅನ್ನುವುದರಿಂದ ಯಾರು ಯಾರನ್ನು ಸುತ್ತುತ್ತಾರೆ ಅಂತ ತೀರ್ಮಾನ ಮಾಡಲು ಆಗುವುದಿಲ್ಲ. ದೊಡ್ಡಪ್ಪನವರು ಲೆಕ್ಕ ಸರಿ ಅಂದದ್ದು ಸರಿ. ಅದರಿಂದ ಚಿತ್ರವೂ ಸರಿ ಅಂದದ್ದು ಮಾತ್ರ ಕೂಡಿಬರುವುದಿಲ್ಲ.

ಜೋಯಿಸರ ಮೊಮ್ಮಗ, ಹೊಸನಗರ

ನಮ್ಮ ಮನೆಯಲ್ಲಿ ಪಂಚಾಂಗದ ಲೆಕ್ಕ ಹಾಕುವುದನ್ನು ನೋಡಿ ಬೆಳೆದವನು ನಾನು. ಅದಕ್ಕೇ ಬರೆಯುತ್ತಿದ್ದೇನೆ. ಅಣ್ಣನ ಮಗನ ಮಾತಿನಲ್ಲಿ ಅರ್ಧ ಸತ್ಯ ಇದೆ. ಈಗ ಬರುವ ಎಷ್ಟೋ ಪಂಚಾಂಗಗಳು ದೃಕ್ ಪಂಚಾಂಗಗಳು. ಅಂದರೆ ಆಕಾಶದಲ್ಲಿ ಕಣ್ಣಿಗೆ ಕಾಣುವುದಕ್ಕೆ ತಾಳೆಯಾಗುವಂತೆ ಇವತ್ತಿನ ಖಗೋಳದ ಲೆಕ್ಕವನ್ನೇ ತೆಗೆದುಕೊಳ್ಳುತ್ತವೆ. ಗ್ರಹಣದ ಸಮಯ ನಿಮಿಷಕ್ಕೆ ಸರಿ ಬರುವುದು ಅದರಿಂದ. ಆದರೆ ಹಳೆಯದೆಲ್ಲ ಬುರುಡೆ ಅನ್ನುವುದು ಅನ್ಯಾಯ.

ನಮ್ಮ ಅಜ್ಜ ಗ್ರಹಲಾಘವದ ಕ್ರಮದಲ್ಲಿ ಲೆಕ್ಕ ಹಾಕುತ್ತಿದ್ದರು. ಗಣೇಶ ದೈವಜ್ಞ 1520ರಲ್ಲಿ ಮಾಡಿದ ಗ್ರಂಥ ಅದು. ಅದರ ವಿಶೇಷ ಏನೆಂದರೆ ಜ್ಯಾ ಕೋಷ್ಟಕ, ಅಂದರೆ ಸೈನ್ ಟೇಬಲ್, ಬೇಕಾಗುವುದೇ ಇಲ್ಲ. ಕೂಡಿಸಿ ಕಳೆದು ಗುಣಿಸಿ ಭಾಗಿಸಿದರೆ ಮುಗಿಯಿತು. ಮೊದಲು ಅಹರ್ಗಣ, ಅಂದರೆ ಒಂದು ಆರಂಭದ ದಿನದಿಂದ ಇವತ್ತಿಗೆ ಎಷ್ಟು ದಿನ ಅಂತ. ಅದರಿಂದ ಸೂರ್ಯ ಚಂದ್ರರ ಸರಾಸರಿ ಜಾಗ. ಆಮೇಲೆ ಮಂದಫಲ ಅಂತ ಒಂದು ತಿದ್ದುಪಡಿ, ಯಾಕೆಂದರೆ ಚಂದ್ರ ಎಲ್ಲ ದಿನ ಒಂದೇ ವೇಗದಲ್ಲಿ ಹೋಗುವುದಿಲ್ಲ. ಕೊನೆಗೆ ರಾಹುವಿನ ಜಾಗ. ಇಲ್ಲಿ ರಾಹು ಅಂದರೆ ಹಾವಲ್ಲ, ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಬಿಂದು. ಅದು ಹಿಂದಕ್ಕೆ ಸರಿಯುತ್ತಾ ಸುಮಾರು 18.6 ವರ್ಷಕ್ಕೆ ಒಂದು ಸುತ್ತು ಬರುತ್ತದೆ. ಹುಣ್ಣಿಮೆ ಆ ಬಿಂದುವಿನ ಹತ್ತಿರ ಬಿದ್ದರೆ ಗ್ರಹಣ. ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು, ಸೂರ್ಯನನ್ನು ಮುಚ್ಚುವುದು ಚಂದ್ರ ಅಂತ ಆರ್ಯಭಟ 499ರಲ್ಲೇ ಸ್ಪಷ್ಟವಾಗಿ ಬರೆದಿದ್ದಾನೆ.

ಇನ್ನೊಂದು ವಿಷಯ ಹೇಳಲೇಬೇಕು, ಇದು ನನಗೆ ತುಂಬ ಇಷ್ಟ. ಹಳೆಯ ಸಿದ್ಧಾಂತದ ಲೆಕ್ಕದಲ್ಲಿ ಚಂದ್ರನಿಗೆ ಕೊಡುವ ತಿದ್ದುಪಡಿ ಹೆಚ್ಚೆಂದರೆ ಸುಮಾರು 5 ಡಿಗ್ರಿ. ಇವತ್ತಿನ ಲೆಕ್ಕದಲ್ಲಿ ಅದು 6 ಡಿಗ್ರಿಗಿಂತ ಜಾಸ್ತಿ. ಹಾಗಾದರೆ ಹಳಬರು ತಪ್ಪಿದರಾ? ಇಲ್ಲ. ಸೂರ್ಯನ ಎಳೆತದಿಂದ ಚಂದ್ರನ ಓಟದಲ್ಲಿ ಇನ್ನೊಂದು ಏರುಪೇರು ಇದೆ, ಒಂದೂಕಾಲು ಡಿಗ್ರಿಯಷ್ಟು. ಅಮಾವಾಸ್ಯೆ ಹುಣ್ಣಿಮೆಯಲ್ಲಿ ಅದು ಮೊದಲನೆಯದಕ್ಕೆ ಎದುರಾಗಿ ನಿಂತು ಕಳೆಯುತ್ತದೆ. 6.3ರಲ್ಲಿ 1.3 ಹೋದರೆ 5. ಹಳಬರು ಲೆಕ್ಕವನ್ನು ತಾಳೆ ನೋಡುತ್ತಿದ್ದದ್ದೇ ಗ್ರಹಣದಲ್ಲಿ. ಗ್ರಹಣ ಆಗುವುದೇ ಅಮಾವಾಸ್ಯೆ ಹುಣ್ಣಿಮೆಯಲ್ಲಿ. ಹಾಗಾಗಿ ಅವರಿಗೆ ಸಿಕ್ಕಿದ್ದು 5. ಗ್ರಹಣಕ್ಕೆ ಅದು ಸರಿಯಾದ ಸಂಖ್ಯೆಯೇ.

ಎಡವುವುದು ಅಷ್ಟಮಿಯ ಹೊತ್ತಿಗೆ. ಆಗ ಆ ಎರಡನೆಯ ಏರುಪೇರು ಕಳೆಯುವ ಬದಲು ಕೂಡುತ್ತದೆ. ಚಂದ್ರ ಎರಡೂವರೆ ಡಿಗ್ರಿವರೆಗೆ ಆಚೀಚೆ ಆಗಬಹುದು. ತಿಥಿಯಲ್ಲಿ ಅದು ಸುಮಾರು ಐದು ಗಂಟೆಯ ವ್ಯತ್ಯಾಸ. ಹಳೆ ಲೆಕ್ಕದ್ದೊಂದು, ದೃಕ್ ಒಂದು, ಎರಡು ಪಂಚಾಂಗ ಪಕ್ಕದಲ್ಲಿಟ್ಟು ನೋಡಿ. ಹುಣ್ಣಿಮೆ ಹತ್ತಿರ ಹತ್ತಿರ ಇರುತ್ತದೆ, ಅಷ್ಟಮಿ ದೂರ ಹೋಗಿರುತ್ತದೆ. ಹಬ್ಬ ಯಾವತ್ತು ಅಂತ ಮಠಗಳ ನಡುವೆ ತಕರಾರು ಬರುವುದಕ್ಕೆ ಇದೂ ಒಂದು ಕಾರಣ. ಈ ಎರಡನೆಯ ಏರುಪೇರು ಟಾಲೆಮಿಗೂ ಗೊತ್ತಿತ್ತು. ನಮ್ಮಲ್ಲಿ ಮುಂಜಾಲ 932ರಲ್ಲಿ ಅದಕ್ಕೆ ತಿದ್ದುಪಡಿ ಕೊಟ್ಟಿದ್ದಾನೆ. ಆದರೆ ಎಲ್ಲರೂ ಅದನ್ನು ಹಿಡಿಯಲಿಲ್ಲ.

ಕೊಪ್ಪದ ಹುಡುಗಿ

ಅಷ್ಟಮಿ ವಿಷಯ ಓದಿ ಮನೆಯಲ್ಲಿದ್ದ ಎರಡು ಕ್ಯಾಲೆಂಡರ್ ತೆಗೆದು ನೋಡಿದೆ. ಗೋಕುಲಾಷ್ಟಮಿಗೆ ನಮ್ಮ ಮನೆಗೂ ಅತ್ತೆ ಮನೆಗೂ ಯಾವಾಗಲೂ ಜಗಳ. ಈಗ ಚಂದ್ರನ ಮೇಲೆ ಹಾಕಬಹುದು!

ಮೇಷ್ಟ್ರೇ, ಗ್ರಹಣದಿಂದ ತೀರ್ಮಾನ ಆಗಲ್ಲ ಅಂದ್ರಿ. ಹಾಗಾದರೆ ಯಾವುದರಿಂದ ಆಯ್ತು? ನಮ್ಮ ಪುಸ್ತಕದಲ್ಲಿ ಕೊಪರ್ನಿಕಸ್ ಹೇಳಿದ, ಗೆಲಿಲಿಯೋ ದೂರದರ್ಶಕದಲ್ಲಿ ನೋಡಿದ, ಚರ್ಚು ಶಿಕ್ಷೆ ಕೊಟ್ಟಿತು ಅಂತ ಮೂರು ಸಾಲು ಇದೆ. ನಡುವೆ ಏನೋ ಬಿಟ್ಟಿದ್ದಾರೆ ಅನ್ನಿಸುತ್ತೆ.

ಹಿನ್ನೀರಿನ ಮೇಷ್ಟ್ರು, ಸಾಗರ

ಬಿಟ್ಟಿದ್ದಾರೆ, ಅದೂ ಮುಖ್ಯವಾದದ್ದನ್ನೇ. ಸ್ವಲ್ಪ ಉದ್ದ ಬರೆಯುತ್ತೇನೆ, ಕರೆಂಟ್ ಇರುವಷ್ಟು ಹೊತ್ತು.

ಸೂರ್ಯ ಚಂದ್ರರನ್ನು ಬಿಡಿ. ತೊಂದರೆ ಕೊಟ್ಟದ್ದು ಉಳಿದ ಐದು, ಅದರಲ್ಲೂ ಮಂಗಳ. ಮಂಗಳ ದಿನವೂ ನಕ್ಷತ್ರಗಳ ನಡುವೆ ಸ್ವಲ್ಪ ಸ್ವಲ್ಪ ಪೂರ್ವಕ್ಕೆ ಸರಿಯುತ್ತದೆ. ಸುಮಾರು 26 ತಿಂಗಳಿಗೊಮ್ಮೆ ನಿಂತು, ಎರಡೂವರೆ ತಿಂಗಳು ಹಿಂದಕ್ಕೆ ಹೋಗಿ, ಮತ್ತೆ ನಿಂತು ಮುಂದೆ ಹೊರಡುತ್ತದೆ. ಇದೇ ವಕ್ರಗತಿ. ಅದು ಹಿಂದಕ್ಕೆ ಹೋಗುವುದು ಯಾವಾಗಲೂ ಸೂರ್ಯನಿಗೆ ನೇರ ಎದುರು ಬಂದಾಗಲೇ. ಆಗಲೇ ಅದು ಅತಿ ಹೆಚ್ಚು ಹೊಳೆಯುವುದು. ಇದು ಯಾಕೆ ಹೀಗೆ?

ಹೊಸನಗರದವರು ಮಂದಫಲ ಹೇಳಿದರು. ಗ್ರಹಗಳಿಗೆ ಅದರ ಜೊತೆ ಶೀಘ್ರಫಲ ಅಂತ ಇನ್ನೊಂದು ತಿದ್ದುಪಡಿ ಇದೆ. ವಕ್ರಗತಿ ಬರುವುದು ಅದರಿಂದ. ಆ ತಿದ್ದುಪಡಿಯನ್ನು ಅಳೆಯುವ ಆಧಾರ ಬಿಂದುವಿಗೆ ಶೀಘ್ರೋಚ್ಚ ಅನ್ನುತ್ತಾರೆ. ಮಂಗಳ, ಗುರು, ಶನಿ ಮೂರಕ್ಕೂ ಶೀಘ್ರೋಚ್ಚ ಅಂತ ಹಾಕುವುದು ಯಾವುದನ್ನು ಗೊತ್ತಾ? ಸೂರ್ಯನ ಸರಾಸರಿ ಜಾಗವನ್ನು. ಮಂಗಳದ ಲೆಕ್ಕದಲ್ಲಿ ಸೂರ್ಯನಿಗೇನು ಕೆಲಸ? ಗುರುವಿನಲ್ಲಿ? ಶನಿಯಲ್ಲಿ? ಬುಧನಿಗೆ ಆರ್ಯಭಟ ಕೊಟ್ಟ ಶೀಘ್ರೋಚ್ಚದ ಸುತ್ತು ಲೆಕ್ಕ ಹಾಕಿದರೆ 88 ದಿನಕ್ಕೆ ಹತ್ತಿರ ಬರುತ್ತದೆ. ಬುಧ ಸೂರ್ಯನನ್ನು ಸುತ್ತಲು ತೆಗೆದುಕೊಳ್ಳುವ ಕಾಲ ಅದೇ! ಟಾಲೆಮಿಯ ಲೆಕ್ಕದಲ್ಲೂ ಇದೇ ಕತೆ. ಐದು ಗ್ರಹಕ್ಕೆ ಐದು ಬೇರೆ ಬೇರೆ ಯಂತ್ರ, ಪ್ರತಿಯೊಂದರ ಹೊಟ್ಟೆಯಲ್ಲೂ ಸೂರ್ಯನ ಒಂದು ವರ್ಷ ಕೂತಿದೆ. ಯಾಕೆ ಅಂತ ಆ ಲೆಕ್ಕ ಹೇಳುವುದಿಲ್ಲ. ಹಾಗಿದೆ, ಹಾಕಿಕೊಳ್ಳಿ ಅಷ್ಟೇ.

ಕೊಪರ್ನಿಕಸ್ ಹಿಡಿದದ್ದು ಇದನ್ನು. ಆ ಒಂದು ವರ್ಷ ಗ್ರಹಗಳದ್ದಲ್ಲ, ನಮ್ಮದು. ನಾವೇ ಓಡುತ್ತಿದ್ದೇವೆ. ಭೂಮಿಯ ದಾರಿ ಒಳಗಿನದು, ಓಟ ಜೋರು. ಮಂಗಳದ ದಾರಿ ಹೊರಗಿನದು, ಓಟ ನಿಧಾನ. ನಾವು ಅದನ್ನು ದಾಟಿ ಮುಂದೆ ಹೋಗುವಾಗ ಅದು ಹಿಂದಕ್ಕೆ ಹೋದಂತೆ ಕಾಣುತ್ತದೆ. ದಾಟುವುದು ಸೂರ್ಯನಿಗೆ ಎದುರು ಇದ್ದಾಗಲೇ ತಾನೇ? ಆಗಲೇ ಅದು ನಮಗೆ ಹತ್ತಿರ, ಹಾಗಾಗಿ ಹೊಳಪು ಜಾಸ್ತಿ. ಹಳೆ ಚಿತ್ರದಲ್ಲಿ ಬೇರೆ ಬೇರೆಯಾಗಿ ಇಟ್ಟಿದ್ದ ಮೂರು ಸಂಗತಿ ಇಲ್ಲಿ ಒಂದೇ ಕಾರಣಕ್ಕೆ ಬಂದವು. ಕೊಪರ್ನಿಕಸ್‌ನ ಬಲ ಇದ್ದದ್ದು ಇಲ್ಲಿ, ನಿಖರತೆಯಲ್ಲಿ ಅಲ್ಲ. ನಿಖರತೆ ಬರಲಿಲ್ಲ, ಯಾಕೆಂದರೆ ಅವನೂ ದಾರಿಗಳು ವೃತ್ತವೇ ಆಗಿರಬೇಕು ಅಂತ ಹಟ ಹಿಡಿದು, ಚಿಕ್ಕ ಚಿಕ್ಕ ವೃತ್ತಗಳನ್ನು ಪೇರಿಸಿದ.

ಅದನ್ನು ಬಿಡಿಸಿದವನು ಕೆಪ್ಲರ್. ಟೈಕೋ ಬ್ರಾಹೆ ದೂರದರ್ಶಕವೇ ಇಲ್ಲದೆ ವರ್ಷಗಟ್ಟಲೆ ಮಂಗಳದ ಜಾಗ ಅಳೆದು ಇಟ್ಟಿದ್ದ. 1601ರಲ್ಲಿ ಅವನು ತೀರಿಕೊಂಡ ಮೇಲೆ ಆ ಪುಸ್ತಕಗಳು ಕೆಪ್ಲರ್ ಕೈಗೆ ಬಂದವು. ಕೆಪ್ಲರ್ ವೃತ್ತದಲ್ಲೇ ಮಾಡಿದ ಲೆಕ್ಕ ಒಂದು ಕಡೆ 8 ಕಲೆಯಷ್ಟು ತಪ್ಪಿತು. 60 ಕಲೆ ಸೇರಿದರೆ ಒಂದು ಡಿಗ್ರಿ. 8 ಕಲೆ ಅಂದರೆ ಹುಣ್ಣಿಮೆ ಚಂದ್ರನ ಅಗಲದ ಕಾಲು ಭಾಗ ಅಂದುಕೊಳ್ಳಿ. ಬೇರೆ ಯಾರಾದರೂ ಆಗಿದ್ದರೆ ಅಳತೆಯದ್ದೇ ತಪ್ಪು ಅಂತ ಬಿಡುತ್ತಿದ್ದರು. ಟೈಕೋ ಅಷ್ಟು ತಪ್ಪು ಅಳೆಯುವವನಲ್ಲ ಅಂತ ಕೆಪ್ಲರ್‌ಗೆ ಗೊತ್ತಿತ್ತು. ಆ 8 ಕಲೆಗಾಗಿ ವೃತ್ತವನ್ನೇ ಬಿಟ್ಟ. 1609ರಲ್ಲಿ ಮಂಗಳದ ದಾರಿ ದೀರ್ಘವೃತ್ತ ಅಂತ ಪ್ರಕಟಿಸಿದ. ನನ್ನ ಕೇಳಿದರೆ ಇಡೀ ಕತೆಯ ದೊಡ್ಡ ವೀರ ಇವನೇ. ಗೆಲಿಲಿಯೋಗೆ ಸಿಕ್ಕ ಹೆಸರಿನ ಅರ್ಧವೂ ಇವನಿಗೆ ಸಿಕ್ಕಿಲ್ಲ. 1627ರಲ್ಲಿ ಅವನ ಕೋಷ್ಟಕಗಳು ಬಂದವು. 1631ರ ನವೆಂಬರ್ 7ಕ್ಕೆ ಬುಧ ಸೂರ್ಯನ ಮುಂದೆ ಹಾದುಹೋಗುತ್ತದೆ ಅಂತ ಅವನು ಮೊದಲೇ ಹೇಳಿದ್ದ. ಪ್ಯಾರಿಸ್‌ನಲ್ಲಿ ಗಾಸೆಂಡಿ ಅವತ್ತೇ ಅದನ್ನು ಕಂಡ. ಕೆಪ್ಲರ್ ಅಷ್ಟೊತ್ತಿಗೆ ಬದುಕಿರಲಿಲ್ಲ.

ದುರ್ಗಿಗುಡಿ, ಶಿವಮೊಗ್ಗ

ಮೇಷ್ಟ್ರೇ, ಗೆಲಿಲಿಯೋನ ಇಷ್ಟು ಬದಿಗೆ ತಳ್ಳಬೇಡಿ. ಶುಕ್ರನ ಕಲೆ, ಅಂದರೆ ಚಂದ್ರನ ಹಾಗೆ ಬೆಳೆದು ಕರಗುವ ಆಕಾರ, ಕಂಡವನು ಅವನಲ್ವಾ? ಅಲ್ಲಿಗೆ ಭೂಕೇಂದ್ರ ಮುಗಿಯಿತು.

ಹಿನ್ನೀರಿನ ಮೇಷ್ಟ್ರು, ಸಾಗರ

ಟಾಲೆಮಿ ಮುಗಿದ, ನಿಜ. ಅವನ ಚಿತ್ರದಲ್ಲಿ ಶುಕ್ರ ಯಾವಾಗಲೂ ಭೂಮಿಗೂ ಸೂರ್ಯನಿಗೂ ನಡುವೆಯೇ ಇರುತ್ತದೆ. ಹಾಗಿದ್ದರೆ ಅದು ಬಿದಿಗೆ ಚಂದ್ರನ ಹಾಗೆ ತೆಳ್ಳಗೆ ಮಾತ್ರ ಕಾಣಬೇಕು. 1610ರ ಕೊನೆಯಲ್ಲಿ ಗೆಲಿಲಿಯೋ ನೋಡಿದಾಗ ಮೊದಲು ದುಂಡಗೆ ಚಿಕ್ಕದಾಗಿ ಕಂಡಿತು. ಆಮೇಲೆ ಅರ್ಧ, ಆಮೇಲೆ ದೊಡ್ಡದಾದ ಕುಡುಗೋಲು. ದುಂಡಗೆ ಕಾಣಬೇಕಾದರೆ ಸೂರ್ಯನ ಆಚೆ ಹೋಗಿರಲೇಬೇಕು. ಅಂದರೆ ಶುಕ್ರ ಸುತ್ತುವುದು ಸೂರ್ಯನನ್ನು.

ಆದರೆ ಟೈಕೋನ ಚಿತ್ರ ಇದರಿಂದ ಬೀಳುವುದಿಲ್ಲ. ಅವನು 1588ರಲ್ಲೇ ಒಂದು ನಡುದಾರಿ ಹೇಳಿದ್ದ. ಐದು ಗ್ರಹ ಸೂರ್ಯನನ್ನು ಸುತ್ತುತ್ತವೆ, ಸೂರ್ಯ ಎಲ್ಲವನ್ನೂ ಕಟ್ಟಿಕೊಂಡು ಭೂಮಿಯನ್ನು ಸುತ್ತುತ್ತಾನೆ ಅಂತ. ಅಲ್ಲೂ ಶುಕ್ರನ ಕಲೆ ಹಾಗೇ ಕಾಣುತ್ತದೆ.

ಜೋಯಿಸರ ಮೊಮ್ಮಗ, ಹೊಸನಗರ

ಟೈಕೋಗಿಂತ ಮೊದಲೇ ಕೇರಳದ ನೀಲಕಂಠ ಸೋಮಯಾಜಿ ಅಲ್ಲಿಗೆ ಬಂದಿದ್ದ. 1501ರಲ್ಲಿ ಮುಗಿಸಿದ ತಂತ್ರಸಂಗ್ರಹದಲ್ಲಿ ಬುಧ ಶುಕ್ರರ ಲೆಕ್ಕವನ್ನು ತಿದ್ದಿದ. ಆಮೇಲೆ ಆರ್ಯಭಟೀಯಕ್ಕೆ ಬರೆದ ಭಾಷ್ಯದಲ್ಲಿ ಐದೂ ಗ್ರಹ ಸೂರ್ಯನ ಸುತ್ತ ಹೋಗುವ ಚಿತ್ರ ಕೊಟ್ಟ. ಸೂರ್ಯ ಮಾತ್ರ ಭೂಮಿಯ ಸುತ್ತ. ನಮ್ಮಲ್ಲಿ ಕೆಲವರು ಆರ್ಯಭಟನೇ ಸೂರ್ಯ ನಡುವೆ ಅಂದ ಅಂತ ಭಾಷಣ ಮಾಡುತ್ತಾರೆ. ಅವನು ಹಾಗೆ ಅಂದಿಲ್ಲ. ಭೂಮಿ ತನ್ನ ಸುತ್ತ ತಾನು ತಿರುಗುತ್ತದೆ ಅಂದ. ದೋಣಿಯಲ್ಲಿ ಮುಂದೆ ಹೋಗುವವನಿಗೆ ದಡ ಹಿಂದೆ ಹೋದಂತೆ ಕಾಣುವ ಹಾಗೆ ನಕ್ಷತ್ರಗಳು ಪಶ್ಚಿಮಕ್ಕೆ ಹೋದಂತೆ ಕಾಣುತ್ತವೆ ಅಂದ. ಅಷ್ಟೇ ಸಾಕಷ್ಟು ದೊಡ್ಡ ಮಾತು. ಇಲ್ಲದ್ದನ್ನು ಸೇರಿಸುವುದು ಬೇಡ.

ಅದನ್ನೂ ಆಗ ಹೆಚ್ಚಿನವರು ಒಪ್ಪಲಿಲ್ಲ. ಭೂಮಿ ತಿರುಗುವುದಾದರೆ ಗೂಡು ಬಿಟ್ಟು ಹಾರಿದ ಹಕ್ಕಿ ಮತ್ತೆ ಗೂಡಿಗೆ ಹೇಗೆ ಬರುತ್ತದೆ ಅಂತ ವರಾಹಮಿಹಿರ ಕೇಳಿದ. 628ರಲ್ಲಿ ಬ್ರಹ್ಮಗುಪ್ತನೂ ಟೀಕೆ ಮಾಡಿದ.

ಕೊಪ್ಪದ ಹುಡುಗಿ

ಹಕ್ಕಿ ಪ್ರಶ್ನೆ ನನಗೂ ಬಂದಿತ್ತು, ಆದರೆ ಕ್ಲಾಸಲ್ಲಿ ಕೇಳಿದರೆ ನಗುತ್ತಾರೆ ಅಂತ ಸುಮ್ಮನಿದ್ದೆ.

ಹಿನ್ನೀರಿನ ಮೇಷ್ಟ್ರು, ಸಾಗರ

ಕೇಳಬೇಕಿತ್ತಮ್ಮ, ಅದು ಗಟ್ಟಿ ಪ್ರಶ್ನೆ. ಹಕ್ಕಿ, ಗಾಳಿ, ಗೂಡು ಎಲ್ಲವೂ ಭೂಮಿಯ ಓಟದಲ್ಲಿ ಜೊತೆಗೇ ಇವೆ, ಆ ಓಟ ಹಾರಿದ ಕೂಡಲೇ ಕಳೆದುಹೋಗುವುದಿಲ್ಲ. ಇದನ್ನು ಸರಿಯಾಗಿ ವಿವರಿಸಲು ಗೆಲಿಲಿಯೋ ಬೇಕಾಯಿತು. ದುರ್ಗಿಗುಡಿಯವರೇ, ಈ ಮಾರ್ಕ್ಸ್ ನಿಮ್ಮ ಗೆಲಿಲಿಯೋಗೆ. 1687ರಲ್ಲಿ ನ್ಯೂಟನ್ ಗುರುತ್ವದ ನಿಯಮ ಕೊಟ್ಟ ಮೇಲೆ ಟೈಕೋನ ಚಿತ್ರಕ್ಕೆ ಕಾಲೇ ಇಲ್ಲದಾಯಿತು. ಅಷ್ಟು ದೊಡ್ಡ ಸೂರ್ಯ ಇಷ್ಟು ಚಿಕ್ಕ ಭೂಮಿಯನ್ನು ಯಾಕೆ ಸುತ್ತಬೇಕು?

ಆದರೆ ಆಕಾಶದಲ್ಲೇ ತೋರಿಸಿ ಅಂದರೆ? ಭೂಮಿ ಓಡುತ್ತಿದ್ದರೆ ಹತ್ತಿರದ ನಕ್ಷತ್ರ ದೂರದ ನಕ್ಷತ್ರಗಳ ಎದುರು ವರ್ಷದಲ್ಲಿ ಆಚೀಚೆ ಸರಿಯಬೇಕು. ಟೈಕೋ ಹುಡುಕಿದ, ಕಾಣಲಿಲ್ಲ. ಕಾಣಲಿಲ್ಲ ಅನ್ನುವ ಕಾರಣಕ್ಕೇ ಅವನು ಭೂಮಿಯನ್ನು ನಿಲ್ಲಿಸಿದ. ಅದು ಮೂಢನಂಬಿಕೆ ಅಲ್ಲ, ಅಳತೆ ಮಾಡಿ ಹೇಳಿದ ಮಾತು. 1729ರಲ್ಲಿ ಬ್ರಾಡ್ಲಿ ತಾನು ಕಂಡ ಬೇರೊಂದನ್ನು ಪ್ರಕಟಿಸಿದ. ಎಲ್ಲ ನಕ್ಷತ್ರಗಳೂ ವರ್ಷಕ್ಕೊಮ್ಮೆ 20 ವಿಕಲೆಯಷ್ಟು ಓಲಾಡುತ್ತವೆ, 60 ವಿಕಲೆ ಸೇರಿದರೆ ಒಂದು ಕಲೆ. ಬೆಳಕು ದೂರದರ್ಶಕದ ಕೊಳವೆ ದಾಟುವಷ್ಟರಲ್ಲಿ ನಾವು ಸರಿದಿರುವುದರಿಂದ ಆಗುವ ಓಲಾಟ ಅದು. ಭೂಮಿ ಓಡುತ್ತದೆ ಅನ್ನುವುದಕ್ಕೆ ಮೊದಲ ನೇರ ಪುರಾವೆ. ಟೈಕೋ ಹುಡುಕಿದ್ದು ಸಿಕ್ಕಿದ್ದು 1838ರಲ್ಲಿ. ಹಂಸ ತಾರಾಪುಂಜದ 61ನೇ ನಂಬರಿನ ಸಣ್ಣ ನಕ್ಷತ್ರವನ್ನು ಬೆಸೆಲ್ ಅಳೆದ. ನಡುವಿನಿಂದ ಒಂದು ಕಡೆಗೆ ಸರಿದದ್ದು ಒಂದು ಡಿಗ್ರಿಯ ಹತ್ತು ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಆ ನಕ್ಷತ್ರದ ದೂರ ಸುಮಾರು 11 ಜ್ಯೋತಿರ್ವರ್ಷ. ಕೊಪರ್ನಿಕಸ್‌ನಿಂದ ಇಲ್ಲಿಗೆ 295 ವರ್ಷ ಆಯಿತು.

ಅಡಿಕೆ ಅಕ್ಕ, ಶೃಂಗೇರಿ ಕಡೆ

ಎಲ್ಲ ಓದಿದೆ. ನನ್ನದೊಂದು ಸಣ್ಣ ಪ್ರಶ್ನೆ. ನಮಗೆ ಬೇಕಾದ್ದು ಮಳೆ ನಕ್ಷತ್ರ. ಔಷಧಿ ಹೊಡೆಯುವುದು, ನಾಟಿ ಎಲ್ಲ ಅದರ ಮೇಲೆಯೇ ಮಾತಾಡುತ್ತೇವೆ. ಆರಿದ್ರಾ ಮಳೆ ಅಂದರೆ ಆರಿದ್ರಾ ನಕ್ಷತ್ರಕ್ಕೂ ಮಳೆಗೂ ಏನು ಸಂಬಂಧ? ಆ ನಕ್ಷತ್ರ ಯಾವತ್ತೂ ಮಳೆಗಾಲದಲ್ಲಿ ನೋಡಿದ್ದಿಲ್ಲ.

ಜೋಯಿಸರ ಮೊಮ್ಮಗ, ಹೊಸನಗರ

ಅಕ್ಕ, ಮೋಡ ಇಲ್ಲದಿದ್ದರೂ ಕಾಣುವುದಿಲ್ಲ. ಆರಿದ್ರಾ ಮಳೆ ಅಂದರೆ ಸೂರ್ಯ ಆ ನಕ್ಷತ್ರದ ಭಾಗದಲ್ಲಿ ಇರುವ ದಿನಗಳು, ಜೂನ್ 21-22ರಿಂದ ಜುಲೈ ಮೊದಲ ವಾರದವರೆಗೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ. ಅವನ ಜೊತೆಗೇ ಹುಟ್ಟಿ ಮುಳುಗುವ ನಕ್ಷತ್ರ ಕಾಣುವುದು ಹೇಗೆ? ನೋಡಬೇಕಾದರೆ ಜನವರಿ ರಾತ್ರಿ ನೋಡಿ, ಮೃಗಶಿರದ ಪಕ್ಕ ಕೆಂಪಗೆ ದೊಡ್ಡದಾಗಿ ಹೊಳೆಯುತ್ತದೆ.

ಸಂಬಂಧ ಅಂದರೆ ಇದೊಂದು ಸೌರ ಕ್ಯಾಲೆಂಡರ್, ಅಷ್ಟೇ. ನಕ್ಷತ್ರ ಮಳೆ ತರುವುದಿಲ್ಲ. ಚಾಂದ್ರಮಾನದ ಆಷಾಢ ಶ್ರಾವಣಗಳು ವರ್ಷ ವರ್ಷ ಹಿಂದೆ ಮುಂದೆ ಆಗುತ್ತವೆ. ರೈತನಿಗೆ ಅದು ಆಗಿಬರುವುದಿಲ್ಲ. ಸೂರ್ಯನ ನಕ್ಷತ್ರ ಹಿಡಿದರೆ ದಿನ ಜಾರುವುದಿಲ್ಲ.

ದುರ್ಗಿಗುಡಿ, ಶಿವಮೊಗ್ಗ

ಜಾರುವುದಿಲ್ಲ ಅನ್ನಬೇಡಿ. ಸಂಕ್ರಾಂತಿ ಜನವರಿ 14-15ಕ್ಕೆ ಮಾಡಿ ಉತ್ತರಾಯಣ ಶುರು ಅಂತೀರಿ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ.

ಜೋಯಿಸರ ಮೊಮ್ಮಗ, ಹೊಸನಗರ

ಒಪ್ಪಿದೆ. ಭೂಮಿಯ ಅಕ್ಷ ನಿಧಾನವಾಗಿ ವಾಲುತ್ತಾ ತಿರುಗುವುದರಿಂದ ನಕ್ಷತ್ರದ ಲೆಕ್ಕ ಋತುವಿನಿಂದ ಸುಮಾರು 72 ವರ್ಷಕ್ಕೆ ಒಂದು ದಿನ ಜಾರುತ್ತದೆ. ಒಬ್ಬ ರೈತನ ಜೀವಮಾನದಲ್ಲಿ ಲೆಕ್ಕಕ್ಕಿಲ್ಲ. ಆದರೆ ಆರ್ಯಭಟನ ಕಾಲಕ್ಕೆ ಹೋಗಿ. ಇವತ್ತಿನ ತಾರೀಖಿನಲ್ಲಿ ಹೇಳುವುದಾದರೆ ಆಗ ಸೂರ್ಯ ಆರಿದ್ರಾಕ್ಕೆ ಬರುತ್ತಿದ್ದದ್ದು ಮೇ ಕೊನೆಗೆ. ಮುಂಗಾರು ನಮ್ಮ ಘಟ್ಟ ಹತ್ತುವ ಮೊದಲೇ! ಹಾಗಾಗಿ ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರಾ’ ಅನ್ನುವ ಗಾದೆ ಅಷ್ಟು ಹಳೆಯದಾಗಿರಲಿಕ್ಕಿಲ್ಲ ಅಂತ ನನ್ನ ಅಂದಾಜು.

ಕೊಪ್ಪದ ಹುಡುಗಿ

ಸೂರ್ಯ ತಿರುಗುವುದನ್ನು ಆಗುಂಬೆಯಲ್ಲಿ ನೋಡಬಹುದು. ಡಿಸೆಂಬರ್‌ನಲ್ಲಿ ಎಡಕ್ಕೆ ಮುಳುಗುತ್ತಾನೆ, ಏಪ್ರಿಲ್‌ನಲ್ಲಿ ತುಂಬಾ ಬಲಕ್ಕೆ. ಲೆಕ್ಕ ಹಾಕಿದರೆ ಎರಡು ತುದಿಗೆ 48 ಡಿಗ್ರಿ ಅಂತರ ಬರುತ್ತೆ. ಜೂನ್ ತುದಿ ಮಾತ್ರ ಆಗುಂಬೆಯವರಿಗೆ ದೇವರೇ ತೋರಿಸಬೇಕು, ಮಳೆ.

ತೋಟದಮನೆ, ತೀರ್ಥಹಳ್ಳಿ

ಎಲ್ಲವನ್ನೂ ದೊಡ್ಡಪ್ಪನಿಗೆ ಓದಿ ಹೇಳಿದೆ. ಅಷ್ಟಮಿಯ ಮಾತು ಅವರಿಗೆ ಹಿಡಿಸಿತು, ಎರಡು ಸಲ ಓದಿಸಿದರು. ಶೀಘ್ರೋಚ್ಚದಲ್ಲಿ ಸೂರ್ಯ ಕೂತಿರುವುದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು: ‘ಅದೆಲ್ಲ ಸರಿ, ನನ್ನ ಕಣ್ಣಿಗೆ ಯಾವತ್ತು ತೋರಿಸ್ತಾರಂತೆ?’

ಹಿನ್ನೀರಿನ ಮೇಷ್ಟ್ರು, ಸಾಗರ

ಎರಡು ಅವಕಾಶ ಇದೆ. 2026ರ ಅಕ್ಟೋಬರ್ 24ರ ಹೊತ್ತಿಗೆ ಶುಕ್ರ ನಮಗೂ ಸೂರ್ಯನಿಗೂ ನಡುವೆ ಹಾದುಹೋಗುತ್ತದೆ. ಅದರ ಮುಂಚೆ ಸಂಜೆ ಆಕಾಶದಲ್ಲಿ ಮೋಡ, ನೆಚ್ಚಬೇಡಿ. ನವೆಂಬರ್‌ನಲ್ಲಿ ಬೆಳಗಿನ ಜಾವ ಪೂರ್ವದಲ್ಲಿ ನೋಡಿ. ಸಾಧಾರಣ 10x50 ಬೈನಾಕ್ಯುಲರ್ ಸಾಕು, ಕುಡುಗೋಲಿನ ಹಾಗೆ ಕಾಣುತ್ತದೆ. ಗೋಡೆಗೋ ಕಂಬಕ್ಕೋ ಒರಗಿ ಕೈ ಅಲುಗದಂತೆ ಹಿಡಿಯಿರಿ. ಸೂರ್ಯ ಹುಟ್ಟುವ ಮೊದಲೇ ಬೈನಾಕ್ಯುಲರ್ ಕೆಳಗಿಡಿ, ಇದು ಗಟ್ಟಿಯಾಗಿ ಹೇಳುವ ಮಾತು, ಕಣ್ಣು ಹೋಗುತ್ತದೆ.

ಎರಡನೆಯದು ಮಂಗಳ, ಬರಿಗಣ್ಣು ಸಾಕು. 2027ರ ಫೆಬ್ರವರಿ 19ರ ಸುಮಾರಿಗೆ ಸೂರ್ಯನಿಗೆ ಎದುರು, ಮಖಾ ನಕ್ಷತ್ರದ ಹತ್ತಿರ. ಗುರುವೂ ಅದೇ ದಿಕ್ಕಿನಲ್ಲಿ ಇರುತ್ತದೆ, ಗೊಂದಲ ಮಾಡಿಕೊಳ್ಳಬೇಡಿ. ಕೆಂಪಗಿರುವುದು ಮಂಗಳ. ಜನವರಿಯಿಂದ ಮಾರ್ಚ್‌ವರೆಗೆ ವಾರಕ್ಕೊಮ್ಮೆ ಕಾಗದದ ಮೇಲೆ ಮಖಾ ಮತ್ತು ಅಕ್ಕಪಕ್ಕದ ನಕ್ಷತ್ರ ಗುರುತು ಮಾಡಿ ಮಂಗಳದ ಜಾಗಕ್ಕೆ ಚುಕ್ಕೆ ಹಾಕಿ. ಹಿಂದಕ್ಕೆ ಹೋಗುವುದು ತಾನಾಗಿ ಕಾಣುತ್ತದೆ. ಆ ತಿಂಗಳುಗಳಲ್ಲಿ ನಮ್ಮ ಆಕಾಶ ಶುಭ್ರ.

ಜೋಯಿಸರ ಮೊಮ್ಮಗ, ಹೊಸನಗರ

ಅದೇ ದಿನಗಳಿಗೆ ಗ್ರಹಲಾಘವದ ಕ್ರಮದಲ್ಲಿ ಮಂಗಳನ ಜಾಗ ಲೆಕ್ಕ ಹಾಕಿ ಕಳಿಸುತ್ತೇನೆ. ದೊಡ್ಡಪ್ಪನವರ ಚುಕ್ಕೆ, ಅಜ್ಜನ ಲೆಕ್ಕ, ಅಣ್ಣನ ಮಗನ ಮೊಬೈಲು, ಮೂರನ್ನೂ ಪಕ್ಕದಲ್ಲಿಟ್ಟು ನೋಡೋಣ. ಮಂಗಳನಲ್ಲಿ ಹಳೆ ಲೆಕ್ಕ ಎಷ್ಟು ಆಚೀಚೆ ಆಗುತ್ತದೆ ಅಂತ ನನಗೂ ನೋಡಬೇಕು.

ದುರ್ಗಿಗುಡಿ, ಶಿವಮೊಗ್ಗ

ಶಿವಮೊಗ್ಗದ ಲೈಟಿನಲ್ಲಿ ನಮಗೆ ಮಖಾ ಕಂಡರೆ ಪುಣ್ಯ. ತೀರ್ಥಹಳ್ಳಿಗೇ ಬರುತ್ತೇನೆ. ತೋಟದಮನೆಯವರೇ, ಊಟಕ್ಕೆ ಕಡುಬು ಇದ್ದರೆ ಆರ್ಯಭಟನ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ತೋಟದಮನೆ, ತೀರ್ಥಹಳ್ಳಿ

ಕಡುಬು ಇದೆ. ಮಾತಾಡದಿದ್ದರೆ ದೊಡ್ಡಪ್ಪ ಬಿಡುವುದಿಲ್ಲ.